ಎಂಜಿನ್ ಕೊನೆಗೆ: ಝೆನ್‌ಗೆ 1.3 ಕೂರಿಸಿದ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನನ್ನ 1998ರ ಮಾರುತಿ ಝೆನ್ ಕಾರು 1 ನಿಮಿಷ 26 ಸೆಕೆಂಡಿಗೆ ಲ್ಯಾಪ್, ಅಂದರೆ ರೇಸ್ ಟ್ರ್ಯಾಕಿನ ಒಂದು ಸುತ್ತು, ಮುಗಿಸಿತು. ಅದೃಷ್ಟಕ್ಕೆ ಬಂದ ಒಂದು ಲ್ಯಾಪ್ ಅಲ್ಲ, ಹನ್ನೆರಡರಲ್ಲಿ ಒಂಬತ್ತು ಲ್ಯಾಪ್ ಅದರ ಆಸುಪಾಸಿನಲ್ಲೇ ಬಂದವು. ಎರಡು ವರ್ಷದ ಹಿಂದೆ ಇದೇ ಕಾರಿಗೆ ಇದಕ್ಕಿಂತ ದೊಡ್ಡ ಎಂಜಿನ್ ಹಾಕಿ 1:34ಕ್ಕಿಂತ ಕೆಳಗಿಳಿಸಲು ಆಗಿರಲಿಲ್ಲ. ಮಧ್ಯೆ ಒಂದು ವರ್ಷ ಎಂಜಿನ್ ಮುಟ್ಟದೆ ಸ್ಪ್ರಿಂಗು, ಟೈರು ಅಂತ ದುಡ್ಡು ಹಾಕಿದಾಗ ಹಾಸನದ ನಮ್ಮ ಬಳಗದವರೆಲ್ಲ 'ಇವನಿಗೆ ಧೈರ್ಯ ಹೋಯ್ತು' ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಕಿದ್ದು ಹಳೆಯ ಮಾರುತಿ ಬೆಲೆನೊ ಸೆಡಾನಿನ 1.6 ಲೀಟರ್ ಎಂಜಿನ್. ಆಕ್ಸಿಡೆಂಟ್ ಆದ ಕಾರಿನಿಂದ ಎಂಜಿನ್, ಗೇರ್‌ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್ ಎಲ್ಲ ಸೇರಿ ಶಿವಾಜಿನಗರದಲ್ಲಿ 45 ಸಾವಿರಕ್ಕೆ ಸಿಕ್ಕಿತು. ಝೆನ್‌ನ 50 ಎಚ್‌ಪಿ ಎಲ್ಲಿ, ಇದರ 94 ಎಲ್ಲಿ! ಎರಡೂ ಸುಜುಕಿ ಜಿ ಸೀರೀಸ್ ತಾನೇ, ಮೌಂಟ್ ಬದಲಾಯಿಸಿದರೆ ಮುಗೀತು ಅಂದುಕೊಂಡೆ. ಆದರೆ ಝೆನ್ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 61 ಮಿ.ಮೀ., 1.6ರದ್ದು 90. ಬ್ಲಾಕೇ ಎತ್ತರ. ಬಾನೆಟ್ ಮುಚ್ಚಲಿಲ್ಲ. ಮೌಂಟ್ ಕೆಳಗಿಳಿಸಿದೆ, ಎಂಜಿನ್ ತಳದ ಎಣ್ಣೆ ತೊಟ್ಟಿ (ಸಂಪ್) ನೆಲಕ್ಕೆ ಹತ್ತಿರ ಬಂತು. ಅದನ್ನು ಸರಿಮಾಡುವಾಗ ಎಂಜಿನ್ ಬಲಕ್ಕೆ ಸುಮಾರು 20 ಮಿ.ಮೀ. ಜರುಗಿತು, ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಅಳತೆ ತಪ್ಪಿತು. ಶಾಫ್ಟ್ ಕತ್ತರಿಸಿ, ಸ್ಲೀವ್ ಹಾಕಿ ವೆಲ್ಡ್ ಮಾಡಿಸಿದೆ. ಎರಡನೇ ಲ್ಯಾಪಿನಲ್ಲಿ ವೆಲ್ಡಿನ ಪಕ್ಕದಲ್ಲೇ ತಿರುಚಿ ತುಂಡಾಯಿತು. ದಯವಿಟ್ಟು ಯಾರೂ ಶಾಫ್ಟ್ ವೆಲ್ಡ್ ಮಾಡಿಸಬೇಡಿ. ಆಮೇಲೆ ಇಎನ್24 ಅನ್ನುವ ಗಟ್ಟಿ ಸ್ಟೀಲಿನಲ್ಲಿ ಒಂದೇ ಪೀಸ್ ಶಾಫ್ಟ್ ಮಾಡಿಸಿದೆ, ಜೋಡಿಗೆ 9 ಸಾವಿರ. ಇವತ್ತಿಗೂ ಜಗ್ಗಿಲ್ಲ.

ವೈರಿಂಗಿಗೆಂದು ಬೆಂಗಳೂರಿನ ಒಬ್ಬರಿಗೆ 14 ಸಾವಿರ ಮುಂಗಡ ಕೊಟ್ಟೆ. ಅರ್ಧ ಕೆಲಸಕ್ಕೆ ಕೈಬಿಟ್ಟು ಹೋದರು, ದುಡ್ಡು ವಾಪಸ್ ಬರಲಿಲ್ಲ. ಉಳಿದದ್ದನ್ನು ಡಯಾಗ್ರಾಂ ಮುಂದಿಟ್ಟುಕೊಂಡು ಮೂರು ವಾರ ರಾತ್ರಿ ಕೂತು ನಾನೇ ಮುಗಿಸಿದೆ. 1.6ರ ಆ ಅಧ್ಯಾಯಕ್ಕೇ ಒಟ್ಟು 1 ಲಕ್ಷ 20 ಸಾವಿರದ ಹತ್ತಿರ ಹೋಯಿತು.

ಓಡಿತು, ಸ್ಟ್ರೇಟಿನಲ್ಲಿ ಬಾಣದ ಹಾಗೆ ಹೋಯಿತು. ಆದರೆ ತಿರುವಿಗೆ ಬಂದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರಕ್ಕೇ ಹೋಗೋದು. ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರ ಹೊಗೆಯಾಡೋದು. ನಾಲ್ಕು ಲ್ಯಾಪ್ ಆಗುವಷ್ಟರಲ್ಲಿ ಮುಂದಿನ ಟೈರಿನ ಹೊರ ಅಂಚು ಸುಲಿದು, ರಬ್ಬರ್ ಸಣ್ಣ ಸಣ್ಣ ಉಂಡೆಯಾಗಿ ಫೆಂಡರಿನೊಳಗೆ ಅಂಟಿಕೊಂಡಿರುತ್ತಿತ್ತು. ಒಳ ಅಂಚು ಹೊಸದರ ಹಾಗೇ ಇರುತ್ತಿತ್ತು. ಬೆಸ್ಟ್ ಲ್ಯಾಪ್ 1:34, ಹತ್ತನೆಯದು 1:39.

ಅವತ್ತೇ ನಡೆದ ಇನ್ನೊಂದು ಸಂಗತಿ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಸಕಲೇಶಪುರದ ಒಬ್ಬ ಹುಡುಗ, ಎಸ್ಟೇಟಿನ ಕೆಸರಿನಲ್ಲೇ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಓಡಿಸಿ ಬೆಳೆದವನು, ಸ್ನೇಹಿತರೊಬ್ಬರ ಸಾದಾ 1.0 ಝೆನ್ ಹತ್ತಿ 1:32 ಹೊಡೆದ. 50 ಎಚ್‌ಪಿಯಲ್ಲಿ! ನಾನು ಪಕ್ಕದಲ್ಲಿ ಕೂತು ಎರಡು ಲ್ಯಾಪ್ ನೋಡಿದೆ. ಅವನು ತಿರುವಿಗೆ ಮುಂಚೆ ಬ್ರೇಕನ್ನು ಒಮ್ಮೆಲೇ ಬಿಡುತ್ತಿರಲಿಲ್ಲ. ಸ್ಟಿಯರಿಂಗ್ ತಿರುಗಿಸುತ್ತಾ ಪೆಡಲನ್ನು ನಿಧಾನಕ್ಕೆ ಸಡಿಲಿಸುತ್ತಿದ್ದ. ಭಾರ ಮುಂದಿನ ಟೈರಿನ ಮೇಲೇ ಕೂತಿರುತ್ತಿತ್ತು, ಹಿಂಭಾಗ ತಾನಾಗಿ ಒಂದು ಹಿಡಿ ಜಾರಿ ಮೂತಿಯನ್ನು ಒಳಕ್ಕೆ ತರುತ್ತಿತ್ತು. ನಾನು ಅಷ್ಟು ವರ್ಷ ಬ್ರೇಕ್ ಬಿಟ್ಟು, ಆಮೇಲೆ ತಿರುಗಿಸಿ, ಉಳಿದದ್ದನ್ನು ಎಂಜಿನ್ ನೋಡಿಕೊಳ್ಳಲಿ ಅಂತ ಬಿಟ್ಟವನು.

ಊರಿಗೆ ಬಂದು ಮಾಡಿದ ಮೊದಲ ಕೆಲಸ ತೂಕ. ಕಾಫಿ ಕ್ಯೂರಿಂಗಿನ ವೇ ಬ್ರಿಡ್ಜಿನ ಮೇಲೆ ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ಒಂದು ಸಲ, ಹಿಂದಿನ ಎರಡನ್ನು ಹತ್ತಿಸಿ ಇನ್ನೊಂದು ಸಲ. ಅದು 10 ಕೆ.ಜಿ. ಲೆಕ್ಕದಲ್ಲಿ ತೋರಿಸುತ್ತೆ, ನಮಗೆ ಅಷ್ಟು ಸಾಕು. ಮುಂದೆ 490, ಹಿಂದೆ 240. ನೂರಕ್ಕೆ 67 ಭಾಗ ಮೂತಿಯ ಮೇಲೆ! ಸೀಟು, ಕಾರ್ಪೆಟ್ ಎಲ್ಲ ಕಿತ್ತು ಹಿಂಭಾಗ ಹಗುರ ಮಾಡಿದ್ದವನೂ ನಾನೇ, ಮುಂದೆ ಭಾರ ಹೇರಿದವನೂ ನಾನೇ.

1.6 ಇಳಿಸಿದೆ. ಹಳೆಯ 1.0 ಎಂಜಿನ್ನನ್ನೇ ವಾಪಸ್ ಹಾಕಿ, ಒಂದು ವರ್ಷ ಎಂಜಿನ್ನಿಗೆ ಒಂದು ಸ್ಪಾರ್ಕ್ ಪ್ಲಗ್ ಬಿಟ್ಟು ಬೇರೇನೂ ಕೊಡಬಾರದು ಅಂತ ತೀರ್ಮಾನಿಸಿದೆ. ಬೈದವರಿಗೆ ನಾನು ಕೊಡುತ್ತಿದ್ದ ಉತ್ತರ ಒಂದೇ. ಆ ಟ್ರ್ಯಾಕಿಗೆ ಹೆಸರು ಬಂದಿದ್ದೇ ಎಸ್. ಕರಿವರ್ಧನ್ ಅವರಿಂದ. ಮಾರುತಿ 800ರ 796 ಸಿಸಿ ಎಂಜಿನ್ನನ್ನು ಒಬ್ಬರೇ ಕೂರುವ ಹಗುರವಾದ ರೇಸ್ ಕಾರಿಗೆ ಕೂರಿಸಿ ಫಾರ್ಮುಲಾ ಮಾರುತಿ ಮಾಡಿದವರು ಅವರು. ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ 1ಕ್ಕೆ ಹೋಗುವ ಎಷ್ಟೋ ಮೊದಲು ಅದನ್ನು ಓಡಿಸಿದ್ದರು. ಅವರಿಗೆ ಸಾಕಾದ ಎಂಜಿನ್ ಕಲಿಯೋಕೆ ನನಗೆ ಸಾಲದೇ?

ಸ್ಪ್ರಿಂಗಿನಲ್ಲಿ ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ, ಒಂದೂವರೆ ಸುತ್ತು ಕತ್ತರಿಸಿದೆ. ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಕಾರು ಚೆಂಡಿನ ಹಾಗೆ ಪುಟಿಯಿತು. ಆಮೇಲೆ ಬೆಂಗಳೂರಿನಲ್ಲಿ ಅಳತೆ ಕೊಟ್ಟು ಸುತ್ತಿಸಿದೆ. ಹಿಂದೆ ಗಟ್ಟಿ, ಮುಂದೆ ಅದಕ್ಕಿಂತ ಮೆತ್ತಗೆ. ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬಿಚ್ಚಿಸಿ ದಪ್ಪ ಎಣ್ಣೆ ಹಾಕಿಸಿದೆ. ಎಲ್ಲ ಸೇರಿ 22 ಸಾವಿರ. ಮುಂದೆ ಸ್ಟ್ರಟ್ಟಿನ ಮೇಲಿನ ತೂತು ಉದ್ದ ಮಾಡಿ ಕ್ಯಾಂಬರ್ ಎರಡೂವರೆ ಡಿಗ್ರಿ ನೆಗೆಟಿವ್, ಅಂದರೆ ಚಕ್ರದ ತಲೆ ಅಷ್ಟು ಒಳಕ್ಕೆ ವಾಲಿಸಿದೆ. ಟೈರಿನ ಗಾಳಿ ಮುಂದೆ 28, ಹಿಂದೆ 36. ಹಿಂದಿನ ಆಕ್ಸಲ್ಲಿನಲ್ಲಿ ಇನ್ನೊಂದು ಕೆಲಸ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಸೆಕೆಂಡ್ ಅದರಿಂದಲೇ ಬಂದಿದ್ದು, ಅಷ್ಟು ಹೇಳಬಲ್ಲೆ.

ಬ್ರೇಕಿಗೆ ಮಾರುತಿ ಎಸ್ಟೀಮ್ ಕಾರಿನ ಮುಂದಿನ ಸೆಟ್ಟು, ಒಳ್ಳೆಯ ಪ್ಯಾಡು, ಹೊಸ ಹೋಸು, 11 ಸಾವಿರ. ಎಂಜಿನ್ ದೊಡ್ಡದು ಮಾಡಿ ಬ್ರೇಕ್ ಹಳೆಯದೇ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. 1961ರಲ್ಲಿ ಬ್ರಿಟನ್ನಿನ ಪುಟ್ಟ ಕಾರು ಮಿನಿಯನ್ನು ಮಿನಿ ಕೂಪರ್ ಮಾಡಿದಾಗ ಎಂಜಿನ್ 997 ಸಿಸಿಗೆ ಏರಿದ್ದರ ಜೊತೆಗೇ ಮುಂದೆ ಡಿಸ್ಕ್ ಬ್ರೇಕೂ ಬಂತು. ಅದು ಬರೀ 55 ಎಚ್‌ಪಿ ಕಾರು.

ಬ್ರೇಕಿಗೆ ಗಾಳಿ ಕೊಡಲು ಡಕ್ಟ್ ಬೇಕಿತ್ತು. ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೆನೆಸಿ, ಬೇಕಾದ ಆಕಾರಕ್ಕೆ ಬಗ್ಗಿಸಿ ಕಟ್ಟಿ ಒಣಗಿಸಿ, ಅದನ್ನೇ ಅಚ್ಚು ಮಾಡಿಕೊಂಡು ಮೇಲೆ ಫೈಬರ್ ಹಾಕಿದೆ. ಸೊಗಸಾಗಿ ಬಂತು, ಖರ್ಚು 600 ರೂಪಾಯಿ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ವೆಲ್ಡ್ ಮಾಡಿಯೂ ನೋಡಿದೆ. ಮಣ್ಣಿನಲ್ಲಿ ಚೆನ್ನಾಗಿತ್ತು. ಡಾಂಬರಿನ ಮೇಲೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತಿತ್ತು, ಮಣಿಕಟ್ಟು ಒಂದು ವಾರ ನೋವು. ಆ ಗೇರ್‌ಬಾಕ್ಸನ್ನು ಆಟೋಕ್ರಾಸಿಗೆ ಎತ್ತಿಟ್ಟಿದ್ದೇನೆ.

ಆ ವರ್ಷ ಕೊಯಮತ್ತೂರಿಗೆ ಐದು ಸಲ ಹೋದೆ. ಕಾರನ್ನು ಟ್ರಕ್ಕಿನ ಮೇಲೇ ಒಯ್ಯುವುದು. ಇಷ್ಟೆಲ್ಲ ಬದಲಾಯಿಸಿದ ಕಾರನ್ನು ರಸ್ತೆಗಿಳಿಸುವಂತಿಲ್ಲ, ವಾಹನದ ಮೂಲ ರೂಪ ಬದಲಿಸುವುದನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಹೋಗಿ ಬರಲು ಟ್ರಕ್ಕಿಗೇ 16 ಸಾವಿರ. ದಾರಿಯಲ್ಲಿ ದಿಂಬಂ ಘಾಟಿನ 27 ಹೇರ್‌ಪಿನ್ ತಿರುವು ಇಳಿಯುವಾಗ ಪ್ರತಿ ಸಲ ಕಟ್ಟಿದ ಬೆಲ್ಟು ನೋಡುತ್ತಾ ಕೂತಿರುತ್ತಿದ್ದೆ. ಮೊದಲ ಸಲ 1:38, ಐದನೇ ಸಲ 1:31. ಅದೇ 50 ಎಚ್‌ಪಿ.

ನನಗೆ ನಾನೇ ಹಾಕಿಕೊಂಡಿದ್ದ ನಿಯಮ ಇದು: ಒಂದರ ಹಿಂದೆ ಒಂದು ಹತ್ತು ಲ್ಯಾಪ್ ಒಂದು ಸೆಕೆಂಡಿನೊಳಗೆ ಬಂದರೆ ಮಾತ್ರ ಹೊಸ ಎಂಜಿನ್. ಐದನೇ ಸಲ ಬಂತು. ಆಗ ಎಸ್ಟೀಮಿನ 1.3 ತಂದೆ, 16 ವಾಲ್ವಿನದು, 85 ಎಚ್‌ಪಿ, ವೈರಿಂಗ್ ಇಸಿಯು ಸಮೇತ 24 ಸಾವಿರ. ಸ್ಟ್ರೋಕ್ 75.5, ಬಾನೆಟ್ಟು ತಕರಾರಿಲ್ಲದೆ ಮುಚ್ಚಿತು. ಕಾರ್ಬುರೇಟರ್ ಝೆನ್‌ಗೆ ಟ್ಯಾಂಕಿನೊಳಗಿನ ಪಂಪ್ ಇಲ್ಲ, ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಝೆನ್‌ನ ಟ್ಯಾಂಕನ್ನೇ ಹಾಕಿದೆ. ರೇಡಿಯೇಟರ್ ದೊಡ್ಡದು, ಎಸಿ ಕಂಪ್ರೆಸರ್ ಹೊರಗೆ, ಬ್ಯಾಟರಿ ಡಿಕ್ಕಿಗೆ. ಎಂಜಿನ್ನಿನ ಹಿಂದಿನ ಮೌಂಟನ್ನು ಯಾವ ಕೋನದಲ್ಲಿ ಕೂರಿಸಿದ್ದೇನೆ ಅನ್ನುವುದು ಗ್ಯಾರೇಜಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮತ್ತೆ ವೇ ಬ್ರಿಡ್ಜ್: ಮುಂದೆ 430, ಹಿಂದೆ 260. 1.6ಕ್ಕಿಂತ 9 ಎಚ್‌ಪಿ ಕಡಿಮೆ, ಮೂತಿ 60 ಕೆ.ಜಿ. ಹಗುರ. ಟೈರು ಈಗ ಅಂಚಿನಿಂದ ಅಂಚಿಗೆ ಸಮವಾಗಿ ಸವೆಯುತ್ತಿದೆ. ಡಿಸೆಂಬರಿನ 1:26 ಬಂದಿದ್ದು ಹೀಗೆ. ಸಕಲೇಶಪುರದ ಹುಡುಗ ಅದೇ ಕಾರಿನಲ್ಲಿ 1:25 ಹೊಡೆದ. ನನಗೂ ಅವನಿಗೂ ಈಗ ಒಂದೇ ಸೆಕೆಂಡು.

ಟ್ರಕ್ಕು, ಟ್ರ್ಯಾಕ್ ಫೀ ಬಿಟ್ಟು ಈ ಎರಡನೇ ಸುತ್ತಿಗೆ ಸುಮಾರು 85 ಸಾವಿರ ಆಗಿದೆ. ಬಿಲ್ಲುಗಳನ್ನು ಇಟ್ಟಿಲ್ಲ, ನೆನಪಿನ ಲೆಕ್ಕ. ಮೂರನೇ ಗೇರನ್ನು ಸಲೀಸಾಗಿ ಬೀಳಿಸುವ ಸಿಂಕ್ರೊ ಸವೆದಿದೆ, ಮುಂದಿನ ತಿಂಗಳು ಬಿಚ್ಚಬೇಕು. ಬೆಲೆನೊ 1.6 ಟಾರ್ಪಾಲಿನ ಕೆಳಗೆ ಹಾಗೇ ಇದೆ, ಚೆನ್ನಾಗಿ ಓಡುವ ಎಂಜಿನ್. ಜಿಪ್ಸಿಗೋ ಬೆಲೆನೊಗೋ ಬೇಕಾದವರಿಗೆ 30 ಸಾವಿರಕ್ಕೆ ಕೊಡುತ್ತೇನೆ. ಝೆನ್‌ಗೆ ಅಂತ ಕೇಳಿದರೆ ಕೊಡುವುದಿಲ್ಲ.