ಹೊರಗಿನ ಡ್ಯಾಕ್ ಕೊಳ್ಳುವ ಮುನ್ನ

ಆಂಪ್ಲಿಫೈಯರ್ ಹಿಂಬದಿಯಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ದರೆ ಒಳಗೆ ಡ್ಯಾಕ್ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಭಾಗ) ಇದ್ದೇ ಇರುತ್ತದೆ. ಮೊದಲು ಅದನ್ನೇ ಕೇಳಿ ನೋಡಿ. ಟಿವಿಯಿಂದ ಸದ್ದು ಬಾರದಿದ್ದರೆ ಟಿವಿಯ ಆಡಿಯೊ ಔಟ್‌ಪುಟ್ಟನ್ನು ಪಿಸಿಎಂಗೆ (ಸಂಕುಚಿಸದ ಸರಳ ಡಿಜಿಟಲ್ ರೂಪ) ಬದಲಿಸಿ.

ಎವಿ ರಿಸೀವರ್ (ಹೋಮ್ ಥಿಯೇಟರ್ ಆಂಪ್ಲಿಫೈಯರ್) ಇರುವವರು ಎಚ್ಚರ: ಹೊರಗಿನ ಡ್ಯಾಕ್ ಕೊಟ್ಟ ಅನಲಾಗ್ ಸಿಗ್ನಲನ್ನು ಬಹಳಷ್ಟು ರಿಸೀವರ್‌ಗಳು ಮತ್ತೆ ಡಿಜಿಟಲ್ ಮಾಡಿಬಿಡುತ್ತವೆ. ಅನಲಾಗನ್ನು ಹಾಗೇ ಸಾಗಿಸುವ ಡೈರೆಕ್ಟ್ ಮೋಡ್ ಹಾಕದಿದ್ದರೆ ದುಡ್ಡು ದಂಡ.

ಒಳಗಿನ, ಹೊರಗಿನ ಡ್ಯಾಕ್ ಹೋಲಿಸುವಾಗ ವಾಲ್ಯೂಮ್ ಸಮ ಇರಲೇಬೇಕು. ಹೊರಗಿನವು ಸಾಮಾನ್ಯವಾಗಿ 2 ವೋಲ್ಟ್ ಸಿಗ್ನಲ್ ಕೊಡುತ್ತವೆ, ಹಾಗಾಗಿ ಒಳಗಿನದಕ್ಕಿಂತ ಜೋರಾಗಿ ಕೇಳಬಹುದು. ತುಸು ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ! 100 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟ್ ಅಳೆದು, ಎರಡನ್ನೂ ಶೇ. 1ರ ವ್ಯತ್ಯಾಸದೊಳಗೆ ತನ್ನಿ. ಆಮೇಲೂ ವ್ಯತ್ಯಾಸ ಕೇಳಿಸದಿದ್ದರೆ ಆ ಹಣ ಸ್ಪೀಕರಿಗೆ ಹಾಕಿ.

ಕಂಪ್ಯೂಟರಿನ ಯುಎಸ್‌ಬಿಯಿಂದ ಗುಂಯ್ ಎಂದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್ (ಎರಡು ಸಾಧನಗಳ ಅರ್ತಿಂಗ್ ನಡುವೆ ಸುತ್ತುವ ಕರೆಂಟು); ಆಪ್ಟಿಕಲ್ ಕೇಬಲ್‌ಗೆ ಬದಲಿಸಿ, ಅದರಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲ.