ಬರೆಯೋದು ಕಂಪ್ಯೂಟರ್‌ಗೆ, ಮಾತಾಡೋದು ನಮಗೆ: ಹೊಸಪೇಟೆಯ ನಮ್ಮ ಲಾಡ್ಜ್ ಅನುಭವ

ಹೊಸಪೇಟೆಯಲ್ಲಿ ಲಾಡ್ಜ್ ನಡೆಸುವವರಿಗೆ ಬೆಳಗಿನ ಹೊತ್ತಿನ ಎರಡು ತಾಸು ಬಹಳ ಮುಖ್ಯ. ಬೆಂಗಳೂರಿನಿಂದ ರಾತ್ರಿ ಹೊರಟ ಹಂಪಿ ಎಕ್ಸ್‌ಪ್ರೆಸ್ ಬಂದು ನಿಂತ ಸ್ವಲ್ಪ ಹೊತ್ತಿಗೆ ಕೌಂಟರ್ ಮುಂದೆ ಬ್ಯಾಗುಗಳು ಸಾಲು ಹಿಡಿಯುತ್ತವೆ. ಅದೇ ಹೊತ್ತಿಗೆ ಹಿಂದಿನ ದಿನ ಬಂದವರು ಕೀ ಕೈಯಲ್ಲಿ ಹಿಡಿದು ಬಿಲ್ ಕೇಳುತ್ತಿರುತ್ತಾರೆ. ನಮ್ಮದು 26 ರೂಮಿನ ಲಾಡ್ಜ್, ಕೆಳಗೆ ಸಸ್ಯಾಹಾರಿ ಹೋಟೆಲ್. ಅಪ್ಪನ ಕಾಲದಲ್ಲಿ ಒಬ್ಬ ಗಿರಾಕಿಯ ಹೆಸರು ರಿಜಿಸ್ಟರ್, ಅಡ್ವಾನ್ಸ್ ಪುಸ್ತಕ, ಬಿಲ್ ಬುಕ್, ಫೋನ್ ಬುಕಿಂಗ್ ಡೈರಿ ಎಲ್ಲದರಲ್ಲೂ ಬರೆಯಬೇಕಿತ್ತು. ಅಡುಗೆಮನೆಯ ಚೀಟಿಗಳು ಬೇರೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಎದುರಿಗೆ ನಿಂತಿದ್ದರೂ ಕೌಂಟರಿನವರ ಕಣ್ಣು ಪುಸ್ತಕದಲ್ಲೇ ಇರುತ್ತಿತ್ತು.

ಸಾಫ್ಟ್‌ವೇರ್ ಹಾಕಿಸೋಣ ಅಂತ ಹೊರಟಾಗ ನನಗೆ ಬೇಕಿದ್ದದ್ದು ಇಷ್ಟೇ. ಕೌಂಟರಿನಲ್ಲಿ ಕೂತವರು ತಲೆ ಎತ್ತಿ ಬಂದವರನ್ನು ನೋಡಬೇಕು, "ಬನ್ನಿ, ಕೂತ್ಕೊಳ್ಳಿ, ಕಾಫಿ ತರಿಸ್ಲಾ?" ಅಂತ ಕೇಳುವಷ್ಟು ಬಿಡುವು ಅವರಿಗೆ ಸಿಗಬೇಕು. ಯಾವ ಯಂತ್ರ ತರಬೇಕು, ಯಾವುದು ಬೇಡ ಎಂಬುದನ್ನೆಲ್ಲ ಇದೇ ಲೆಕ್ಕದಲ್ಲಿ ನೋಡಿದೆ.

ಕೆಲಸ ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುವ ಕಾಲ, ಹಂಪಿಗೆ ಜನ ಕಡಿಮೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸೀಸನ್. ಆಗ ಇಂಥ ಕೆಲಸಕ್ಕೆ ಕೈ ಹಾಕಲೇಬಾರದು. ಮೊದಲ ತಿಂಗಳು ಪುಸ್ತಕ ಮತ್ತು ಕಂಪ್ಯೂಟರ್ ಎರಡರಲ್ಲೂ ಬರೆದೆವು. ರಾತ್ರಿ ಎರಡರ ಲೆಕ್ಕವೂ ತಾಳೆಯಾದರೆ ಮಾತ್ರ ಕ್ಯಾಷ್ ಮುಚ್ಚುವುದು. ನಮ್ಮ ಹಿರಿಯ ಮ್ಯಾನೇಜರ್‌ಗೆ ಅರವತ್ತು ದಾಟಿದೆ. ಮೊದಲು ಅವರಿಗೇ ಕಲಿಸಿದೆ, ಆಮೇಲೆ ಹುಡುಗರಿಗೆ. ಹುಡುಗರು ಮೊದಲೇ ಕಲಿತುಬಿಟ್ಟರೆ ಹಿರಿಯರು ಅವರನ್ನು ಕೇಳಲು ಹಿಂಜರಿಯುತ್ತಾರೆ. ಅದು ಆಗಬಾರದಿತ್ತು. ಗಿರಾಕಿಗಳ ಗುರುತು, ಅವರ ಊರು, ಮನೆಯವರ ಸಮಾಚಾರ ಎಲ್ಲ ಗೊತ್ತಿರುವುದು ಅವರಿಗೇ ಅಲ್ವಾ?

ಸಾಫ್ಟ್‌ವೇರ್‌ನವರ ಜೊತೆ ಅತಿ ಹೆಚ್ಚು ಮಾತುಕತೆ ನಡೆದದ್ದು ಚೆಕ್-ಔಟ್ ಸಮಯದ ಬಗ್ಗೆ. ನಮ್ಮ ಕಡೆಯ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ. ಬೆಳಗ್ಗೆ ಎಂಟಕ್ಕೆ ಬಂದರೆ ಮರುದಿನ ಎಂಟಕ್ಕೆ ಬಿಡಬೇಕು. ಬುಕಿಂಗ್.ಕಾಮ್, ಮೇಕ್‌ಮೈಟ್ರಿಪ್‌ನಂಥ ಕಡೆ ಬುಕ್ ಮಾಡುವವರು ಮಧ್ಯಾಹ್ನದಿಂದ ಮರುದಿನ ಬೆಳಗಿನವರೆಗಿನ ಲೆಕ್ಕಕ್ಕೆ ಒಗ್ಗಿಕೊಂಡವರು. ಅವರೂ ಅದೇ ರೈಲಿನಲ್ಲಿ ಬೆಳಗ್ಗೆಯೇ ಬಂದಿಳಿಯುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ "ಹನ್ನೆರಡಕ್ಕೆ ಬನ್ನಿ" ಅಂತ ಹೇಳೋಕೆ ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಬುಕಿಂಗ್, ಕೌಂಟರ್, ಕ್ಲೀನಿಂಗ್ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದ್ದು ನಿಜವಾಗಿ ಕೆಲಸಕ್ಕೆ ಬಂತು. ಬರುವ ಹಿಂದಿನ ದಿನ ಗಿರಾಕಿಗೆ ವಾಟ್ಸಾಪ್ ಹೋಗುತ್ತದೆ: "ಯಾವ ರೈಲು, ಯಾವ ಬಸ್ಸಿಗೆ ಬರ್ತಿದ್ದೀರಿ?" ಉತ್ತರವನ್ನು ನಮ್ಮವರೇ ಓದಿ ಬುಕಿಂಗ್ ಎದುರು ಬರೆಯುತ್ತಾರೆ. ಬೆಳಗ್ಗೆ ಯಾವ ರೂಮು ಮೊದಲು ಖಾಲಿಯಾಗುತ್ತದೆ ಎಂಬುದು ಪರದೆಯ ಮೇಲಿರುತ್ತದೆ. ಕ್ಲೀನಿಂಗ್ ಅಕ್ಕನ ಫೋನಿಗೂ ಅದೇ ಪಟ್ಟಿ ಹೋಗುತ್ತದೆ. ಕೆಂಪು ಅಂದರೆ ಕ್ಲೀನ್ ಆಗಬೇಕು, ಹಳದಿ ಅಂದರೆ ಕೆಲಸ ನಡೆದಿದೆ, ಹಸಿರು ಅಂದರೆ ರೆಡಿ. ಅಕ್ಷರಗಳೆಲ್ಲ ಕನ್ನಡದಲ್ಲಿವೆ. ಅಕ್ಕ ಮೂರನೇ ಮಹಡಿಯಲ್ಲಿ ಬೆರಳು ಒತ್ತಿದರೆ ಕೆಳಗೆ ಗೊತ್ತಾಗುತ್ತದೆ. "205 ಆಯ್ತೇನಕ್ಕಾ?" ಅಂತ ಮೆಟ್ಟಿಲ ಬಳಿ ನಿಂತು ಕೂಗುವುದು ನಿಂತಿತು. ರೂಮು ಖಾಲಿ ಇದ್ದರೆ ಬೇಗ ಬಂದವರಿಗೆ ಹೆಚ್ಚಿನ ದುಡ್ಡಿಲ್ಲದೆ ಕೊಡುತ್ತೇವೆ. ಇಲ್ಲದಿದ್ದರೆ ಸ್ನಾನಕ್ಕೆ, ಲಗೇಜ್ ಇಡೋಕೆ ಅಂತಲೇ ಒಂದು ರೂಮು ಬಿಟ್ಟಿದ್ದೇವೆ. ಸ್ನಾನ ಮುಗಿಸಿ, ಕೆಳಗೆ ಇಡ್ಲಿ ತಿಂದು, ಬಿಸಿಲೇರುವ ಮುಂಚೆ ಹಂಪಿಗೆ ಹೊರಟುಬಿಡಬಹುದು. ಆ ರೂಮನ್ನು ಮಾರಿದರೆ ಜಾಸ್ತಿ ದುಡ್ಡು ಬರುತ್ತದೆ ಅಂತ ಅಕೌಂಟೆಂಟ್ ಹೇಳುತ್ತಲೇ ಇರುತ್ತಾರೆ. ನಾನು ಒಪ್ಪಿಲ್ಲ.

ಆನ್‌ಲೈನ್ ಸೈಟುಗಳನ್ನು ಜೋಡಿಸುವುದು ಚಾನೆಲ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್. ಒಂದು ಕಡೆ ರೂಮು ಹೋದರೆ ಉಳಿದ ಕಡೆಯೂ ತಾನಾಗಿ ಒಂದು ಕಡಿಮೆಯಾಗುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ನೇರ ಬಂದವರನ್ನೂ ಆ ಕ್ಷಣವೇ ಕಂಪ್ಯೂಟರ್‌ಗೆ ಹಾಕಬೇಕು. ಕೀ ಕೊಡುವ ಮುಂಚೆ ಎಂಟ್ರಿ, ಇದಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲ. ಸೈಟುಗಳವರು ಸಾಮಾನ್ಯವಾಗಿ ಶೇ 15ರಿಂದ ಮೇಲೆ ಕಮಿಷನ್ ತೆಗೆದುಕೊಳ್ಳುತ್ತಾರೆ. ಅದಕ್ಕೇ ಒಮ್ಮೆ ಬಂದವರಿಗೆ ನಮ್ಮ ನಂಬರ್ ಕೊಟ್ಟು, "ಮುಂದಿನ ಸಲ ನೇರ ಫೋನ್ ಮಾಡಿ" ಅನ್ನುತ್ತೇವೆ. ನೆಲಮಹಡಿಯ ಎರಡು ರೂಮನ್ನು ಮಾತ್ರ ಯಾವ ಸೈಟಿಗೂ ಹಾಕುವುದಿಲ್ಲ. ಮಂಡಿ ನೋವಿರುವ ಹಿರಿಯರು ಬಂದಾಗ "ಕೆಳಗಡೆ ರೂಮಿಲ್ಲ" ಅನ್ನುವಂತಾಗಬಾರದು.

ಬಿಲ್ಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ರೂಮಿನಿಂದ ಊಟ, ಕಾಫಿ ಆರ್ಡರ್ ಬಂದರೆ ಅಡುಗೆಮನೆಯ ಪ್ರಿಂಟರ್‌ನಲ್ಲಿ ಚೀಟಿ ಬರುತ್ತದೆ, ಆಗಲೇ ರೂಮಿನ ಲೆಕ್ಕಕ್ಕೂ ಸೇರುತ್ತದೆ. ಹೋಗುವಾಗ ಚೀಟಿ ಹುಡುಕುವ ಕೆಲಸವಿಲ್ಲ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮುಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಇಂಥ ಬದಲಾವಣೆಯನ್ನು ಒಂದೇ ಕಡೆ ತಿದ್ದಿದರೆ ಸಾಕು. ಆದರೆ ಈ ಶೇ 5ರಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ನಾವು ಕೊಂಡದ್ದರ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವವರು ಅದರ ಮೇಲಿನ ಜಿಎಸ್‌ಟಿಯನ್ನೂ ತಮ್ಮ ಖರ್ಚು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ವಿದೇಶಿಯರು ಬರುತ್ತಲೇ ಇರುತ್ತಾರೆ. ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಕೊಡಬೇಕು. ಪಾಸ್‌ಪೋರ್ಟ್ ಪುಟದ ಕೆಳಗೆ ಎರಡು ಸಾಲು ಅಕ್ಷರ-ಅಂಕಿಗಳಿರುತ್ತವಲ್ಲ, ಸ್ಕ್ಯಾನರ್ ಅದನ್ನು ಓದಿ ಹೆಸರು, ನಂಬರ್ ತುಂಬಿಸುತ್ತದೆ. ವೀಸಾ ವಿವರವನ್ನು ನಾವು ನೋಡಿ ಹಾಕುತ್ತೇವೆ. ಗುರುತಿನ ಚೀಟಿಗಳ ಫೋಟೋ ಯಾರ ಸ್ವಂತ ಫೋನಿನಲ್ಲೂ ಇರಕೂಡದು ಅಂತ ಕಟ್ಟುನಿಟ್ಟು ಮಾಡಿದ್ದೇನೆ. ಆಧಾರ್ ಕೊಡುವವರಿಗೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದ್ದರೆ ಅದನ್ನೇ ಕೊಡಿ ಅಂತ ನಾವೇ ಹೇಳುತ್ತೇವೆ.

ಬೇಡ ಅಂತ ಬಿಟ್ಟವೂ ಇವೆ. ಕಾರ್ಡ್ ತೋರಿಸಿದರೆ ತೆರೆಯುವ ಬೀಗ, ಗಿರಾಕಿ ತಾನೇ ಚೆಕ್-ಇನ್ ಮಾಡಿಕೊಳ್ಳುವ ಪರದೆ, ಎರಡನ್ನೂ ತರಲಿಲ್ಲ. ಹೊರಗೆ ಹೋಗುವಾಗ ಕೀ ಕೊಡೋಕೆ ಕೌಂಟರ್‌ಗೆ ಬರುತ್ತಾರಲ್ಲ, ಆಗಲೇ ನಿಜವಾದ ಮಾತು ನಡೆಯುವುದು. "ವಿಠ್ಠಲ ದೇವಸ್ಥಾನದಲ್ಲಿ ತಗೊಂಡ ಟಿಕೆಟ್ ಬಿಸಾಡಬೇಡಿ ಸರ್, ಅದೇ ದಿನ ರಾಣಿವಾಸದ ಆವರಣಕ್ಕೂ ನಡೆಯುತ್ತೆ" ಅಂತ ಮ್ಯಾನೇಜರ್ ಹೇಳುತ್ತಾರೆ. ಸಂಜೆ ಬಂದಾಗ "ಮಾತಂಗ ಬೆಟ್ಟ ಹತ್ತಿದ್ರಾ?" ಅಂತ ಕೇಳುತ್ತಾರೆ. ದೊಡ್ಡ ಊರಿನ ಬಿಸಿನೆಸ್ ಹೋಟೆಲಿಗೆ ಕಾರ್ಡ್ ಬೀಗ ಸರಿ ಇರಬಹುದು. ನಮ್ಮಲ್ಲಿಗೆ ಬರುವವರು ಊರು ನೋಡೋಕೆ ಬಂದವರು, ಅವರಿಗೆ ಊರಿನವರ ಮಾತು ಬೇಕು. ರೂಮಿನಲ್ಲಿ ಮೆನು ನೋಡೋಕೆ ಕ್ಯೂಆರ್ ಕೋಡ್ ಇಟ್ಟಿದ್ದೇವೆ, ಪಕ್ಕದಲ್ಲೇ ಇಂಟರ್‌ಕಾಮ್ ಕೂಡ ಇದೆ. ಹಿರಿಯರು ಅದನ್ನೇ ಎತ್ತುತ್ತಾರೆ.

ಸಾಫ್ಟ್‌ವೇರ್‌ನಲ್ಲಿ ಪ್ರತಿ ಗಿರಾಕಿಯ ಹೆಸರಿನ ಕೆಳಗೆ ಷರಾ ಬರೆಯುವ ಜಾಗವಿದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. "ಸಕ್ಕರೆ ಇಲ್ಲದ ಕಾಫಿ." "ಎರಡು ದಿಂಬು ಹೆಚ್ಚಿಗೆ." "ಬೆಳ್ಳುಳ್ಳಿ ತಿನ್ನಲ್ಲ." ಇಂಥವೇ ಇರುತ್ತವೆ. ಮ್ಯಾನೇಜರ್ ರಜೆಯಲ್ಲಿದ್ದರೂ ಹೊಸ ಹುಡುಗ ಇದನ್ನು ನೋಡಿ, ಹೇಳುವ ಮುಂಚೆಯೇ ದಿಂಬು ಕಳಿಸಿರುತ್ತಾನೆ. ಗಿರಾಕಿಗೆ ನಾವು ತೋರಿಸೋಕೆ ಆಗದ ಮಾತು ಅಲ್ಲಿರಬಾರದು ಎಂಬ ನಿಯಮವೂ ಇದೆ. ಯಾರು ಯಾರ ಜೊತೆ ಬಂದರು, ಚೌಕಾಸಿ ಎಷ್ಟು ಮಾಡಿದರು ಎಂಬುದೆಲ್ಲ ಬರೆಯುವ ವಿಷಯವಲ್ಲ.

ಕರೆಂಟು, ಇಂಟರ್‌ನೆಟ್ ಕೈಕೊಡುವುದು ಇದ್ದದ್ದೇ. ಕೌಂಟರ್ ಕಂಪ್ಯೂಟರ್‌ಗೆ ಯುಪಿಎಸ್ ಇದೆ. ಫೈಬರ್ ಲೈನ್ ಹೋದರೆ ಮೊಬೈಲ್ ಸಿಮ್‌ನಲ್ಲಿ ನಡೆಯುತ್ತದೆ. ಆದರೂ ರಾತ್ರಿ ಲೆಕ್ಕ ಮುಗಿದ ಮೇಲೆ ಯಾವ ರೂಮಿನಲ್ಲಿ ಯಾರು, ಎಷ್ಟು ಬಾಕಿ, ನಾಳೆ ಬರುವವರು ಯಾರು ಎಂಬ ಒಂದು ಹಾಳೆ ಪ್ರಿಂಟ್ ತೆಗೆದು ಡ್ರಾಯರ್‌ನಲ್ಲಿ ಇಡುತ್ತೇವೆ.

ಪಕ್ಕದ ಲಾಡ್ಜಿನವರು ಬಂದು ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತಾರೆ. ಮೊದಲು ರೂಮು ಮತ್ತು ಬಿಲ್, ಅದು ಕೈಗೆ ಕೂತ ಮೇಲೆ ಆನ್‌ಲೈನ್ ಸೈಟುಗಳು, ಆಮೇಲೆ ಅಡುಗೆಮನೆ ಮತ್ತು ಕ್ಲೀನಿಂಗ್. ವಾಟ್ಸಾಪ್ ಸಂದೇಶ ಎಲ್ಲಕ್ಕಿಂತ ಕೊನೆಗೆ. ಸಂದೇಶ ಹೋದರೆ ಗಿರಾಕಿ ಉತ್ತರ ಬರೆಯುತ್ತಾರೆ, ಅದನ್ನು ಓದಿ ಜವಾಬು ಕೊಡುವ ಬಿಡುವು ನಿಮ್ಮವರಿಗೆ ಮೊದಲು ಸಿಕ್ಕಿರಬೇಕು. ಕೊಳ್ಳುವ ಮುಂಚೆ ಸಾಫ್ಟ್‌ವೇರ್‌ನವರನ್ನು ಎರಡು ಮಾತು ಕೇಳಿ: 24 ಗಂಟೆ ಲೆಕ್ಕ ಬರುತ್ತಾ? ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಗಿರಾಕಿಗಳ ಪಟ್ಟಿ ಎಕ್ಸೆಲ್‌ನಲ್ಲಿ ನನಗೆ ಸಿಗುತ್ತಾ? ಎರಡನೆಯದಕ್ಕೆ ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.