ಸರ್ಕಾರಿ ಖರ್ಚಿನಲ್ಲಿ ಹಲ್ಲಿನ ಚಿಕಿತ್ಸೆ: ಮಂಡ್ಯ, ಮೈಸೂರಿನವರು ಮೊದಲು ಹೋಗಬೇಕಾದದ್ದು ಎಲ್ಲಿಗೆ?

ಹಲ್ಲು ನೋವು ಬಂದರೆ ನಮ್ಮ ಕಡೆ ಜನ ಲವಂಗ ಇಟ್ಟುಕೊಂಡು ವಾರಗಟ್ಟಲೆ ತಳ್ಳುತ್ತಾರೆ. ಕೊನೆಗೆ ತಡೆಯಲಾರದೆ ಸೀದಾ ಪ್ರೈವೇಟ್ ಕ್ಲಿನಿಕ್‌ಗೆ ಹೋಗಿ, ಬಿಪಿಎಲ್ ಕಾರ್ಡ್ ತೋರಿಸಿ, ಅದು ಇಲ್ಲಿ ನಡೆಯಲ್ಲ ಅನ್ನಿಸಿಕೊಂಡು, ಸಾಲ ಮಾಡಿ ದುಡ್ಡು ಕಟ್ಟಿ ಬರುತ್ತಾರೆ. ನಮ್ಮ ಚಿಕ್ಕಪ್ಪನಿಗೂ ಹೀಗೇ ಆಯಿತು. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಮದ್ದೂರು, ಮಳವಳ್ಳಿ, ಪಾಂಡವಪುರದವರಿಗೆ ತಾಲ್ಲೂಕು ಆಸ್ಪತ್ರೆ ಇದೆ. ಮಂಡ್ಯದವರಿಗೆ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ. ಚೀಟಿ ಮಾಡಿಸುವಾಗಲೇ ಆಧಾರ್, ರೇಷನ್ ಕಾರ್ಡ್ ಎರಡನ್ನೂ ಕೊಡಿ. ಎರಡರಲ್ಲೂ ಹೆಸರು ಒಂದೇ ರೀತಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ, ಒಂದು ಅಕ್ಷರ ತಪ್ಪಿದ್ದರೂ ಸುಮ್ನೆ ಅಲೆಯಬೇಕಾಗುತ್ತದೆ. ಬಿಪಿ, ಶುಗರ್ ಮಾತ್ರೆ ನುಂಗುವವರು ಆ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ, ಹಲ್ಲು ಕೀಳುವ ಮುಂಚೆ ಡಾಕ್ಟರ್ ಕೇಳುತ್ತಾರೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಬಗ್ಗೆ ಜಾಸ್ತಿ ಗೊಂದಲ ಇದೆ. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಲು ಇದನ್ನು ಹಿಡಿದು ಪ್ರೈವೇಟ್‌ಗೆ ಹೋಗಬೇಡಿ. ಇದು ದವಡೆ ಮುರಿತ, ಬಾಯಿ ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗೆ. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಅಲ್ಲಿನ ಡಾಕ್ಟರ್ ರೆಫರಲ್ ಪತ್ರ ಬರೆದುಕೊಡಬೇಕು, ಆಮೇಲೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ. ಅಪಘಾತದಂಥ ತುರ್ತು ಇದ್ದರೆ ಪತ್ರಕ್ಕೆ ಕಾಯಬೇಕಿಲ್ಲ. ಅನುಮಾನ ಬಂದರೆ ಆಸ್ಪತ್ರೆಯಲ್ಲಿ ಈ ಯೋಜನೆಯ ಬಗ್ಗೆ ದಾರಿ ತೋರಿಸಲು ಇರುವ ಆರೋಗ್ಯಮಿತ್ರರನ್ನು ಕೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಇನ್ನು ದಂತಭಾಗ್ಯ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಕೊಡುವ ಯೋಜನೆ ಇದು. ಮೊದಲು 60 ದಾಟಿದವರಿಗೆ ಮಾತ್ರ ಇತ್ತು, ಆಮೇಲೆ 45ಕ್ಕೆ ಇಳಿಸಿದರು. ಸೆಟ್ ಕಟ್ಟುವುದು ದಂತ ವೈದ್ಯಕೀಯ ಕಾಲೇಜುಗಳಲ್ಲಿ. ಹತ್ತಿರದ ಯಾವ ಕಾಲೇಜಿಗೆ ಹೋಗಬೇಕು ಅಂತ ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರನ್ನೇ ಕೇಳಿ. ನಮ್ಮ ಊರಿನ ಅಜ್ಜಿಯರು ಹಲ್ಲಿಲ್ಲದಿದ್ದರೂ ಮುದ್ದೆ ನುಂಗಿಬಿಡುತ್ತಾರಲ್ಲ, ಅದಕ್ಕೇ ಮನೆಯವರಿಗೆ ಅವರ ಕಷ್ಟ ಕಾಣುವುದೇ ಇಲ್ಲ. ಕಬ್ಬಿನ ನಾಡಿನಲ್ಲಿ ಇದ್ದು ಒಂದು ಜಲ್ಲೆ ಕಬ್ಬು ಕಚ್ಚಿ ಎಷ್ಟು ವರ್ಷ ಆಯಿತು ಅಂತ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ಒಂದೇ ದಿನದಲ್ಲಿ ಸೆಟ್ ಸಿಗುವುದಿಲ್ಲ. ಉಳಿದ ಹಾಳು ಹಲ್ಲು ಕೀಳಬೇಕು, ಒಸಡು ಮಾಯಬೇಕು, ಅಳತೆ ತೆಗೆಯಬೇಕು, ಮೇಣದಲ್ಲಿ ಕೂರಿಸಿ ನೋಡಬೇಕು. ನಾಲ್ಕೈದು ಸಲ ಓಡಾಟ ಇದೆ, ಜೊತೆಗೆ ಯಾರಾದರೂ ಹೋಗಲೇಬೇಕು. ಹೊಸ ಸೆಟ್ ಉಜ್ಜಿ ಗಾಯವಾದರೆ ಡಬ್ಬಿಗೆ ಹಾಕಿ ಅಟ್ಟದ ಮೇಲಿಡಬೇಡಿ, ಅರ ಹಿಡಿದು ಸವೆಸಲೂ ಹೋಗಬೇಡಿ. ಹಳೇ ಚೀಟಿ ಹಿಡಿದು ಅದೇ ಕಾಲೇಜಿಗೆ ಹೋದರೆ ಸರಿ ಮಾಡಿಕೊಡುತ್ತಾರೆ.